ಕ್ಯಾಮರಾದಿಂದ ಗಣಕಯಂತ್ರಕ್ಕೆ: ಅಂಕೀಯ ಛಾಯಾಚಿತ್ರಗಳ ವರ್ಗಾವಣೆಯ ಇತಿಹಾಸ

ಛಾಯಾಚಿತ್ರಕಲೆಯ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಎರಡು ವಿಷಯಗಳಿಗೆ ಪ್ರಾಶಸ್ತ್ಯವನ್ನು ಕೊಟ್ಟಿದ್ದಾರೆ: ಒಂದು, ಬೆಳಕನ್ನು ಹಿಡಿಯುವ ಯಂತ್ರ, ಇನ್ನೊಂದು, ಸಿದ್ಧವಾಗಿ ಕೈಗೆ ಬಂದ ಚಿತ್ರ. ಇವೆರಡರ ನಡುವೆ ನಡೆಯುವ ಕ್ರಿಯೆ, ಎಂದರೆ ಚಿತ್ರವು ಯಂತ್ರದ ಒಡಲನ್ನು ಬಿಟ್ಟು ಹೊರಗೆ ಬರುವ ಕ್ರಿಯೆ, ಅವರ ಗಮನವನ್ನು ಅಷ್ಟಾಗಿ ಸೆಳೆದಂತೆ ಕಾಣುವುದಿಲ್ಲ. ಫಿಲ್ಮಿನ ಕಾಲದಲ್ಲಿ ಈ ಉಪೇಕ್ಷೆಗೆ ಕಾರಣವಿತ್ತು. ಸುರುಳಿಯನ್ನು ಕ್ಯಾಮರಾದಿಂದ ತೆಗೆದು ಕತ್ತಲೆಕೋಣೆಗೆ ಒಯ್ಯುವುದರಲ್ಲಿ ಹೇಳತಕ್ಕ ವಿಶೇಷವೇನೂ ಇರಲಿಲ್ಲ. ಬೆಳಕು ಬಿದ್ದ ಫಿಲ್ಮೇ ಮೂಲ ದಾಖಲೆ, ಅದು ಎಲ್ಲಿಗೆ ಹೋದರೂ ಅದೇ ವಸ್ತು. ಆದರೆ ಅಂಕೀಯ ಕ್ಯಾಮರಾ ಬಂದಮೇಲೆ ಸ್ಥಿತಿ ಬದಲಾಯಿತು. ಇಲ್ಲಿ ಚಿತ್ರವೆಂಬುದು ಅಂಕಿಗಳ ಒಂದು ಸಾಲು. ಅದು ಕ್ಯಾಮರಾದಲ್ಲಿ ಉಳಿಯುವುದು ತಾತ್ಕಾಲಿಕವಾಗಿ ಮಾತ್ರ. ನಾವು ಇಟ್ಟುಕೊಳ್ಳುವುದು, ಅಚ್ಚುಹಾಕುವುದು, ಗ್ರಂಥಭಂಡಾರಕ್ಕೆ ಒಪ್ಪಿಸುವುದು, ಗಣಕಯಂತ್ರಕ್ಕೆ ಇಳಿಸಿಕೊಂಡ ಪ್ರತಿಯನ್ನು. ಆದಕಾರಣ ಮುಂದಿನ ಇತಿಹಾಸಕಾರನ ಕೈಗೆ ಸಿಗುವ ಆಧಾರವು ಷಟರು ತೆರೆದ ಕ್ಷಣದಲ್ಲಿ ಹುಟ್ಟಿದ್ದೆನ್ನುವುದಕ್ಕಿಂತ ವರ್ಗಾವಣೆಯ ಕ್ಷಣದಲ್ಲಿ ಹುಟ್ಟಿದ್ದೆನ್ನುವುದೇ ಹೆಚ್ಚು ಸರಿ. ಈ ಕ್ರಿಯೆ ಹೇಗೆ ರೂಪುಗೊಂಡಿತು, ಅದರಲ್ಲಿ ಏನು ಉಳಿಯಿತು, ಏನು ಕಳೆದುಹೋಯಿತು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರ ಮಾಡಬಯಸಿದ್ದೇವೆ.

ಮೊದಲಿಗೆ ಶಬ್ದದ ಬಗ್ಗೆ ಒಂದು ಮಾತು. ವರ್ಗಾವಣೆ ಎಂಬ ಪದವನ್ನು ನಾವು ಸರ್ಕಾರಿ ನೌಕರರ ವಿಷಯದಲ್ಲಿ ಬಳಸುವುದು ವಾಡಿಕೆ. ಮೈಸೂರಿನಿಂದ ಬೀದರಿಗೆ ವರ್ಗವಾದ ಗುಮಾಸ್ತನು ಮೈಸೂರಿನಲ್ಲಿ ಇರುವುದಿಲ್ಲ. ಚಿತ್ರದ ವಿಷಯದಲ್ಲಿ ಹಾಗಲ್ಲ. ಅದು ಬೀದರಿಗೂ ಹೋಗುತ್ತದೆ, ಮೈಸೂರಿನಲ್ಲಿಯೂ ಉಳಿದಿರುತ್ತದೆ. ವಾಸ್ತವವಾಗಿ ಇದು ಪ್ರತಿ ಮಾಡುವ ಕೆಲಸ. ಮೂಲವನ್ನು ಅಳಿಸಿಹಾಕುವುದು ಬೇರೆಯೇ ಆದ, ಆಮೇಲಿನ ಕೆಲಸ. ಈ ಎರಡು ಕೆಲಸಗಳನ್ನು ಒಂದೇ ಎಂದು ಭಾವಿಸಿದ್ದರಿಂದ ಎಷ್ಟೋ ಚಿತ್ರಗಳು ನಷ್ಟವಾಗಿವೆ. ಬಳಕೆಯಲ್ಲಿ ನಿಂತ ಮಾತಾದ್ದರಿಂದ ನಾವೂ ಅದನ್ನೇ ಉಪಯೋಗಿಸುತ್ತೇವೆ.

ಚಿತ್ರವನ್ನು ಅಂಕಿಗಳನ್ನಾಗಿ ಮಾಡಿ ಗಣಕಯಂತ್ರಕ್ಕೆ ಒದಗಿಸುವ ಪ್ರಯತ್ನವು ಅಂಕೀಯ ಕ್ಯಾಮರಾಕ್ಕಿಂತ ಹಳೆಯದು. ೧೯೫೭ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಸಂಸ್ಥೆಯಲ್ಲಿ ರಸೆಲ್ ಕಿರ್ಷ್ ಮತ್ತು ಅವರ ಸಹೋದ್ಯೋಗಿಗಳು ತಿರುಗುವ ಉರುಳೆಯೊಂದರ ಮೇಲೆ ಛಾಯಾಚಿತ್ರವನ್ನು ಸುತ್ತಿ, ಅದರ ಮೇಲೆ ಬೆಳಕಿನ ಚುಕ್ಕಿಯನ್ನು ಹಾಯಿಸಿ, ಪ್ರತಿಫಲಿಸಿದ ಬೆಳಕಿನ ಹೆಚ್ಚು ಕಡಮೆಯನ್ನು ಸೀಯಾಕ್ ಎಂಬ ಗಣಕಯಂತ್ರಕ್ಕೆ ತಿಳಿಸುವ ಸಾಧನವನ್ನು ರಚಿಸಿದರು. ಮೊದಲು ಹೀಗೆ ಇಳಿದ ಚಿತ್ರಗಳಲ್ಲಿ ಕಿರ್ಷ್ ಅವರ ಮೂರು ತಿಂಗಳ ಮಗುವಿನದು ಪ್ರಸಿದ್ಧವಾಗಿದೆ. ಅದರ ಅಳತೆ ಅಡ್ಡಕ್ಕೆ ೧೭೬, ಉದ್ದಕ್ಕೆ ೧೭೬ ಬಿಂದುಗಳು, ಒಟ್ಟು ೩೦,೯೭೬. ಒಂದು ಸಲದ ಪರಿಶೀಲನೆಯಲ್ಲಿ ಪ್ರತಿಯೊಂದು ಬಿಂದುವೂ ಕಪ್ಪು ಅಥವಾ ಬಿಳಿ ಆಗಬೇಕಿತ್ತೇ ಹೊರತು ನಡುವಣ ಛಾಯೆಗೆ ಅವಕಾಶವಿರಲಿಲ್ಲ. ಬೇರೆ ಬೇರೆ ಮಿತಿಗಳನ್ನಿಟ್ಟು ಹಲವು ಸಲ ಪರಿಶೀಲಿಸಿ, ಅವನ್ನು ಒಂದರ ಮೇಲೊಂದು ಸೇರಿಸಿ ಬೂದುಬಣ್ಣದ ಛಾಯೆಗಳನ್ನು ಪಡೆದರು. ಇಲ್ಲಿ ಕ್ಯಾಮರಾಕ್ಕೂ ಗಣಕಕ್ಕೂ ನೇರ ಸಂಬಂಧವಿರಲಿಲ್ಲ ಎಂಬುದು ಸ್ಪಷ್ಟ. ನಡುವೆ ಕಾಗದದ ಚಿತ್ರವಿತ್ತು.

ಆ ಕಾಗದವನ್ನು ನಡುವಿನಿಂದ ತೆಗೆದುಹಾಕಬೇಕಾದ ಅನಿವಾರ್ಯತೆ ಭೂಮಿಯ ಮೇಲೆ ಹುಟ್ಟಲಿಲ್ಲ. ಅದು ಹುಟ್ಟಿದ್ದು ಆಕಾಶಯಾನದಲ್ಲಿ. ೧೯೬೪ರ ನವೆಂಬರ್ ೨೮ರಂದು ಹೊರಟ ಮ್ಯಾರಿನರ್ ೪ ಎಂಬ ನೌಕೆ ೧೯೬೫ರ ಜುಲೈ ನಡುವಿನಲ್ಲಿ ಮಂಗಳಗ್ರಹದ ಬಳಿ ಹಾದುಹೋಯಿತು. ಅದರಲ್ಲಿದ್ದ ದೂರದರ್ಶನ ಕ್ಯಾಮರಾ ೨೧ ಪೂರ್ಣ ಚಿತ್ರಗಳನ್ನೂ ೨೨ನೆಯದರ ಒಂದು ಭಾಗವನ್ನೂ ತೆಗೆದು ಕಾಂತಪಟ್ಟಿಯ ಮೇಲೆ ಬರೆದಿಟ್ಟುಕೊಂಡಿತು. ಮರಳಿ ಬಾರದ ನೌಕೆಯಿಂದ ಫಿಲ್ಮನ್ನು ತರಿಸಿಕೊಳ್ಳುವ ಮಾತೇ ಇರಲಿಲ್ಲವಾದ್ದರಿಂದ, ಅಂಕಿಗಳನ್ನೇ ರೇಡಿಯೋ ಮೂಲಕ ಕಳುಹಿಸಬೇಕಾಯಿತು. ಪ್ರತಿ ಚಿತ್ರದಲ್ಲಿ ೨೦೦ ಸಾಲು, ಸಾಲಿಗೆ ೨೦೦ ಬಿಂದು, ಬಿಂದುವಿಗೆ ೬ ಬಿಟ್‌ಗಳು, ಎಂದರೆ ೬೪ ಛಾಯೆಗಳು. ಒಟ್ಟು ೨,೪೦,೦೦೦ ಬಿಟ್‌ಗಳು. ನೌಕೆಯಿಂದ ಬರುತ್ತಿದ್ದ ವೇಗವಾದರೋ ಸೆಕೆಂಡಿಗೆ ಎಂಟೂ ಕಾಲು ಬಿಟ್‌ಗಿಂತ ಕೊಂಚ ಹೆಚ್ಚು. ಭಾಗಿಸಿ ನೋಡಿದರೆ ಒಂದು ಚಿತ್ರಕ್ಕೆ ಸುಮಾರು ಎಂಟು ಗಂಟೆ. ಇಂದು ಕೈಯಲ್ಲಿ ಹಿಡಿದ ಫೋನು ಕ್ಷಣಾರ್ಧದಲ್ಲಿ ತೆಗೆಯುವ ಒಂದೇ ಒಂದು ಚಿತ್ರವನ್ನು ಆ ವೇಗದಲ್ಲಿ ಕಳುಹಿಸಿದರೆ ತಿಂಗಳುಗಟ್ಟಲೆ ಕಾಯಬೇಕಾದೀತು.

ಈ ಎಂಟು ಗಂಟೆಗಳ ಕಾಯುವಿಕೆಯಿಂದ ಒಂದು ವಿನೋದಕರವಾದ ದಾಖಲೆ ಉಳಿದುಬಂದಿದೆ. ಕ್ಯಾಲಿಫೋರ್ನಿಯದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿದ್ದ ಎಂಜಿನಿಯರುಗಳಿಗೆ ಗಣಕವು ಚಿತ್ರವನ್ನು ಸಿದ್ಧಪಡಿಸುವವರೆಗೆ ತಾಳ್ಮೆ ಉಳಿಯಲಿಲ್ಲ. ಪಟ್ಟಿಯಂತ್ರ ಸರಿಯಾಗಿ ಕೆಲಸ ಮಾಡಿದೆಯೇ ಎಂಬ ಸಂದೇಹವೂ ಅವರಿಗಿತ್ತು. ಬಂದ ಬಂದ ಅಂಕಿಗಳನ್ನು ಕಾಗದದ ಪಟ್ಟಿಗಳ ಮೇಲೆ ಮುದ್ರಿಸಿ, ಅವನ್ನು ಗೋಡೆಯ ಹಲಗೆಗೆ ಸಾಲಾಗಿ ಹಚ್ಚಿ, ಚಿತ್ರಕಲಾ ಸಾಮಗ್ರಿಯ ಅಂಗಡಿಯಿಂದ ತಂದ ಬಣ್ಣದ ಕಡ್ಡಿಗಳಿಂದ ಒಂದೊಂದು ಅಂಕಿಗೆ ಒಂದೊಂದು ಬಣ್ಣವನ್ನು ಕೈಯಾರೆ ತುಂಬಿದರು. ಅಂತರಿಕ್ಷದಿಂದ ಬಂದ ಮಂಗಳನ ಮೊದಲ ಚಿತ್ರ ಹೀಗೆ ಮನುಷ್ಯನ ಕೈಯಿಂದ ಬಿಡಿಸಿದ್ದಾಯಿತು. ಮಕ್ಕಳು ಅಂಕಿಗಳ ಮೇಲೆ ಬಣ್ಣ ತುಂಬುವ ಪುಸ್ತಕಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಗಣಕವು ಮಾಡಬೇಕಾದ ಕೆಲಸವನ್ನು ಮನುಷ್ಯರು ಮಾಡಿ ತೋರಿಸಿದ ಈ ಹಲಗೆಯನ್ನು ಆ ಸಂಸ್ಥೆಯವರು ಚೌಕಟ್ಟು ಹಾಕಿ ಕಾಪಾಡಿದ್ದಾರೆ. ಅಂಕಿಯೇ ಚಿತ್ರ ಎಂಬ ಮಾತನ್ನು ವಿದ್ಯಾರ್ಥಿಗಳಿಗೆ ಮನಗಾಣಿಸಲು ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ತಿಳಿದಿಲ್ಲ.

೧೯೬೯ರಲ್ಲಿ ಬೆಲ್ ಪ್ರಯೋಗಶಾಲೆಯ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿ.ಸಿ.ಡಿ. ಎಂದು ಹೆಸರಾದ ವಿದ್ಯುತ್ ಸಾಧನವನ್ನು ಕಲ್ಪಿಸಿದರು. ೨೦೦೯ರ ಭೌತವಿಜ್ಞಾನದ ನೊಬೆಲ್ ಬಹುಮಾನದಲ್ಲಿ ಅವರಿಗೆ ಪಾಲು ದೊರೆಯಿತು. ಅದನ್ನು ಬಿಂಬಗ್ರಹಣಕ್ಕೆ ಅಳವಡಿಸಿದ ಶ್ರೇಯಸ್ಸು ಅದೇ ಪ್ರಯೋಗಶಾಲೆಯ ಮೈಕೆಲ್ ಟಾಂಪ್ಸೆಟ್ ಅವರಿಗೆ ಸಲ್ಲತಕ್ಕದ್ದೆಂಬ ವಾದವೂ ಇದೆ, ಅದು ನಿರಾಧಾರವಾದುದಲ್ಲ. ನಮ್ಮ ವಿಷಯಕ್ಕೆ ಮುಖ್ಯವಾದುದು ಅದರ ಕಾರ್ಯವಿಧಾನ. ಊರಿನಲ್ಲಿ ಬೆಂಕಿ ಬಿದ್ದಾಗ ಬಾವಿಯಿಂದ ಮನೆಯವರೆಗೆ ಜನರು ಸಾಲಾಗಿ ನಿಂತು ನೀರಿನ ಕೊಡಗಳನ್ನು ಕೈಯಿಂದ ಕೈಗೆ ದಾಟಿಸುವಂತೆ, ಬೆಳಕಿನಿಂದ ಉಂಟಾದ ವಿದ್ಯುದಂಶವನ್ನು ಒಂದು ಕೋಶದಿಂದ ಪಕ್ಕದ ಕೋಶಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸುತ್ತ ಅಂಚಿನಲ್ಲಿ ಅಳೆಯಲಾಗುತ್ತದೆ. ವರ್ಗಾವಣೆಯ ಸರಣಿ ಹೀಗೆ ಕ್ಯಾಮರಾದ ಒಳಗೇ ಪ್ರಾರಂಭವಾಗುತ್ತದೆ ಎನ್ನಬಹುದು.

ಕೈಯಲ್ಲಿ ಹಿಡಿದು ಒಯ್ಯಬಹುದಾದ ಅಂಕೀಯ ಕ್ಯಾಮರಾ ಮೊತ್ತಮೊದಲು ಸಿದ್ಧವಾದುದು ೧೯೭೫ರ ಡಿಸೆಂಬರಿನಲ್ಲಿ, ಅಮೆರಿಕದ ರಾಚೆಸ್ಟರ್ ನಗರದ ಈಸ್ಟ್‌ಮನ್ ಕೊಡಾಕ್ ಸಂಸ್ಥೆಯಲ್ಲಿ. ಅದನ್ನು ಕಟ್ಟಿದ ಸ್ಟೀವನ್ ಸ್ಯಾಸನ್ ಆಗ ಇಪ್ಪತ್ತೈದರ ತರುಣ. ಸೂಪರ್ ೮ ಚಲನಚಿತ್ರ ಕ್ಯಾಮರಾದ ಮಸೂರ, ಫೇರ್‌ಚೈಲ್ಡ್ ಸಂಸ್ಥೆಯ ೧೦೦ಕ್ಕೆ ೧೦೦ ಬಿಂದುಗಳ ಸಿ.ಸಿ.ಡಿ., ಹದಿನಾರು ಬ್ಯಾಟರಿಗಳು, ಪಕ್ಕದಲ್ಲಿ ಒಂದು ಕ್ಯಾಸೆಟ್ ಯಂತ್ರ: ಎಲ್ಲ ಸೇರಿ ಸುಮಾರು ೩.೬ ಕಿಲೋಗ್ರಾಂ ತೂಕ. ಚಿತ್ರವನ್ನು ಹಿಡಿಯುವುದಕ್ಕೆ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ಸಾಕಾಗುತ್ತಿತ್ತು. ಅದನ್ನು ಕ್ಯಾಸೆಟ್ಟಿಗೆ ಬರೆಯಲು ಮಾತ್ರ ೨೩ ಸೆಕೆಂಡು ಹಿಡಿಯುತ್ತಿತ್ತು. ಸ್ಯಾಸನ್ ರಚಿಸಿದ್ದು ಕ್ಯಾಮರಾ ಒಂದನ್ನೇ ಎಂದು ಹೆಚ್ಚಿನ ಬರೆಹಗಳು ಸೂಚಿಸುತ್ತವೆ. ಆದರೆ ಅವರ ಕೆಲಸದ ಅರ್ಧಭಾಗ ಬೇರೊಂದು ಮೇಜಿನ ಮೇಲಿತ್ತು. ಕ್ಯಾಸೆಟ್ಟನ್ನು ಕ್ಯಾಮರಾದಿಂದ ಬಿಚ್ಚಿ ಅಲ್ಲಿದ್ದ ವಾಚಕಯಂತ್ರಕ್ಕೆ ತೊಡಿಸಿದರೆ, ಮೋಟೊರೋಲಾ ಸಂಸ್ಥೆಯ ಸೂಕ್ಷ್ಮಗಣಕವು ಅಂಕಿಗಳನ್ನು ಓದಿ, ನೂರು ಸಾಲುಗಳ ನಡುವೆ ಊಹೆಯ ಸಾಲುಗಳನ್ನು ತುಂಬಿ ನಾನೂರು ಮಾಡಿ, ದೂರದರ್ಶನದ ತೆರೆಗೆ ಕಳುಹಿಸುತ್ತಿತ್ತು. ಕ್ಯಾಮರಾದಿಂದ ಗಣಕಕ್ಕೆ ಚಿತ್ರವನ್ನು ದಾಟಿಸಿದ ಮೊದಲ ವಾಹಕವು, ಆಗ ಮನೆಗಳಲ್ಲಿ ಹಾಡು ಕೇಳಲು ಬಳಕೆಗೆ ಬರುತ್ತಿದ್ದ ಕ್ಯಾಸೆಟ್ಟೇ ಎಂಬುದನ್ನು ಇದರಿಂದ ತಿಳಿಯುತ್ತೇವೆ. ಒಂದು ಕ್ಯಾಸೆಟ್ಟಿಗೆ ೩೦ ಚಿತ್ರ ಎಂಬ ಮಿತಿಯನ್ನು ಸ್ಯಾಸನ್ ತಾವೇ ಇಟ್ಟರು. ಪಟ್ಟಿಯಲ್ಲಿ ಇನ್ನೂ ಸ್ಥಳವಿತ್ತು. ಆದರೆ ಫಿಲ್ಮ್ ಸುರುಳಿಯಲ್ಲಿ ೨೪ ಅಥವಾ ೩೬ ಚಿತ್ರಗಳಿಗೆ ಒಗ್ಗಿದ ಜನರಿಗೆ ನಡುವಣ ಒಂದು ಸಂಖ್ಯೆಯೇ ಹಿತವಾಗಿ ತೋರುವುದೆಂದು ಅವರು ಭಾವಿಸಿದರು.

ಮೊದಲ ಪ್ರಯೋಗದಲ್ಲಿ ಪ್ರಯೋಗಶಾಲೆಯ ಸಹಾಯಕಿಯೊಬ್ಬರ ಚಿತ್ರವನ್ನು ತೆಗೆದಾಗ, ತೆರೆಯ ಮೇಲೆ ಕಪ್ಪು ಕೂದಲೂ ಬಿಳಿಯ ಹಿನ್ನೆಲೆಯೂ ಸರಿಯಾಗಿ ಮೂಡಿ, ಮುಖ ಮಾತ್ರ ಗುರುತು ಸಿಗದಂತೆ ಕಲಸಿಹೋಗಿತ್ತು. ಕಾರಣವನ್ನು ಹುಡುಕಿದಾಗ ಬಿಟ್‌ಗಳ ತಂತಿಗಳನ್ನು ಹಿಂದುಮುಂದಾಗಿ ಜೋಡಿಸಿದ್ದು ತಿಳಿದುಬಂದಿತು. ಎಲ್ಲವೂ ಸೊನ್ನೆಯಾದ ಕಪ್ಪನ್ನು, ಎಲ್ಲವೂ ಒಂದಾದ ಬಿಳಿಯನ್ನು ತಿರುಗಿಸಿ ಓದಿದರೂ ಬದಲಾವಣೆಯಿಲ್ಲ. ನಡುವಣ ಛಾಯೆಗಳು ಮಾತ್ರ ಅಸ್ತವ್ಯಸ್ತವಾಗುತ್ತವೆ. ಕ್ಯಾಮರಾ ನಿರ್ದುಷ್ಟವಾಗಿದ್ದರೂ ವರ್ಗಾವಣೆಯಲ್ಲಿ ಚಿತ್ರ ಕೆಡಬಹುದೆಂಬುದಕ್ಕೆ ಇದೇ ಮೊದಲ ಉದಾಹರಣೆ. ಸ್ಯಾಸನ್ ಮತ್ತು ಅವರ ಮೇಲಧಿಕಾರಿ ಗ್ಯಾರೆತ್ ಲಾಯ್ಡ್ ಅವರ ಹೆಸರಿನಲ್ಲಿ ೧೯೭೮ರ ಡಿಸೆಂಬರ್ ೨೬ರಂದು ಪೇಟೆಂಟು ದೊರೆಯಿತು. ಸಂಸ್ಥೆಯ ಅಧಿಕಾರಿಗಳಿಗೆ ತಮ್ಮ ಚಿತ್ರಗಳನ್ನು ದೂರದರ್ಶನದ ಪೆಟ್ಟಿಗೆಯಲ್ಲಿ ನೋಡಲು ಯಾರು ಬಯಸಿಯಾರು ಎಂಬ ಸಂಶಯವಿತ್ತು. ಅದೇ ಸಂಸ್ಥೆ ೨೦೧೨ರ ಜನವರಿಯಲ್ಲಿ ದಿವಾಳಿ ರಕ್ಷಣೆಯನ್ನು ಬೇಡಬೇಕಾಗಿ ಬಂದದ್ದನ್ನು ನೆನೆದು ಆ ಅಧಿಕಾರಿಗಳನ್ನು ಹಳಿಯುವುದು ಈಗ ರೂಢಿಯಾಗಿದೆ. ೧೦,೦೦೦ ಬಿಂದುಗಳ ಮಸುಕು ಚಿತ್ರವನ್ನು ಎದುರಿಗಿಟ್ಟುಕೊಂಡವರು ಬೇರೇನು ಹೇಳಬಹುದಾಗಿತ್ತು ಎಂಬುದನ್ನೂ ನಾವು ಯೋಚಿಸಬೇಕು.

ಇಲ್ಲಿ ಪ್ರಚಾರದಲ್ಲಿರುವ ಒಂದು ತಪ್ಪನ್ನು ತಿದ್ದುವುದು ಅವಶ್ಯಕ. ಸೋನಿ ಸಂಸ್ಥೆಯವರು ೧೯೮೧ರಲ್ಲಿ ಪ್ರದರ್ಶಿಸಿದ ಮ್ಯಾವಿಕಾ ಎಂಬ ಕ್ಯಾಮರಾವನ್ನು ಅಂಕೀಯ ಕ್ಯಾಮರಾಗಳ ಸಾಲಿಗೆ ಸೇರಿಸುವವರಿದ್ದಾರೆ. ಅದು ಚಿತ್ರವನ್ನು ಚಿಕ್ಕ ಕಾಂತತಟ್ಟೆಯ ಮೇಲೆ ದೂರದರ್ಶನದ ಅಲೆಯ ರೂಪದಲ್ಲಿ ಬರೆಯುತ್ತಿತ್ತೇ ಹೊರತು ಅಂಕಿಗಳಾಗಿ ಅಲ್ಲ. ಆ ಚಿತ್ರಗಳನ್ನು ಗಣಕಕ್ಕೆ ಇಳಿಸಬೇಕಾದರೆ ಅಲೆಯನ್ನು ಅಂಕಿಯಾಗಿ ಮಾರ್ಪಡಿಸುವ ಬೇರೊಂದು ಸಾಧನ ಬೇಕಾಗುತ್ತಿತ್ತು. ೧೯೯೭ರಲ್ಲಿ ಇದೇ ಹೆಸರಿನಿಂದ ಬಂದ ಕ್ಯಾಮರಾಗಳು ನಿಜಕ್ಕೂ ಅಂಕೀಯವಾದವು. ಹೆಸರಿನ ಸಾಮ್ಯವೇ ಗೊಂದಲಕ್ಕೆ ಕಾರಣವಾಗಿರಬೇಕು.

ಸಾಮಾನ್ಯ ಗಣಕಕ್ಕೆ ತಂತಿಯಿಂದ ಜೋಡಿಸುವ ಅಂಕೀಯ ಕ್ಯಾಮರಾ ಮಾರುಕಟ್ಟೆಗೆ ಬಂದದ್ದು ೧೯೯೦ರ ಸುಮಾರಿನಲ್ಲಿ. ಡೈಕ್ಯಾಮ್ ಎಂಬ ಆ ಕ್ಯಾಮರಾ ೩೭೬ಕ್ಕೆ ೨೪೦ ಬಿಂದುಗಳ ಬಣ್ಣವಿಲ್ಲದ ಚಿತ್ರಗಳನ್ನು, ಒಟ್ಟು ೩೨ರಷ್ಟನ್ನು, ತನ್ನ ಒಳಗಣ ಸ್ಮೃತಿಯಲ್ಲಿ ಇಟ್ಟುಕೊಳ್ಳುತ್ತಿತ್ತು. ಬ್ಯಾಟರಿ ಬರಿದಾದರೆ ಸ್ಮೃತಿಯೂ ಬರಿದಾಗುತ್ತಿತ್ತು. ಆದಕಾರಣ ವರ್ಗಾವಣೆಯನ್ನು ನಾಳೆಗೆ ಮುಂದೂಡುವಂತಿರಲಿಲ್ಲ. ಮರುವರ್ಷ ಕೊಡಾಕ್ ಸಂಸ್ಥೆ ನಿಕಾನ್ ಎಫ್೩ ಕ್ಯಾಮರಾದ ದೇಹಕ್ಕೆ ೧೩ ಲಕ್ಷ ಬಿಂದುಗಳ ಬಿಂಬಗ್ರಾಹಕವನ್ನು ಜೋಡಿಸಿ ಪತ್ರಿಕಾ ಛಾಯಾಗ್ರಾಹಕರಿಗೆ ಮಾರಿತು. ಚಿತ್ರಗಳನ್ನು ಸಂಗ್ರಹಿಸುವ ೨೦೦ ಮೆಗಾಬೈಟಿನ ತಟ್ಟೆಯಿದ್ದ ಪೆಟ್ಟಿಗೆಯನ್ನು ಅವರು ಹೆಗಲಿಗೆ ನೇತುಹಾಕಿಕೊಂಡು ತಿರುಗಬೇಕಾಗಿತ್ತು. ೧೯೯೪ರಲ್ಲಿ ಆಪಲ್ ಸಂಸ್ಥೆಯ ಕ್ವಿಕ್‌ಟೇಕ್ ೧೦೦, ೧೯೯೫ರಲ್ಲಿ ಕ್ಯಾಸಿಯೋ ಕ್ಯೂ.ವಿ. ೧೦ ಬಂದವು. ಮೊದಲನೆಯದರಲ್ಲಿ ೬೪೦ಕ್ಕೆ ೪೮೦ ಬಿಂದುಗಳ ಚಿತ್ರಗಳನ್ನು ತೆಗೆದರೆ ಎಂಟೇ ಚಿತ್ರಗಳಿಗೆ ಸ್ಥಳ ಮುಗಿಯುತ್ತಿತ್ತು. ಎಂಟು ಚಿತ್ರ ತೆಗೆಯುವುದು, ಮನೆಗೆ ಬರುವುದು, ತಂತಿ ಜೋಡಿಸುವುದು, ಕಾಯುವುದು: ಇದು ಆ ಕಾಲದ ಕ್ರಮ.

ಎಷ್ಟು ಕಾಯಬೇಕಿತ್ತೆಂಬುದನ್ನು ಲೆಕ್ಕಹಾಕಿ ನೋಡಬಹುದು. ಆಗಿನ ಸರಣಿ ತಂತಿ, ಎಂದರೆ ಒಂದರ ಹಿಂದೊಂದು ಬಿಟ್ಟನ್ನು ಕಳುಹಿಸುವ ಸೀರಿಯಲ್ ಕೇಬಲ್, ದೂರಮುದ್ರಕಕ್ಕೂ ಮೋಡೆಮಿಗೂ ಸಂಬಂಧ ಕಲ್ಪಿಸಲು ೧೯೬೦ರಲ್ಲಿ ಗೊತ್ತುಪಡಿಸಿದ ನಿಯಮಗಳಿಂದ ಬಂದದ್ದು. ಅದರಲ್ಲಿ ಒಂದು ಬೈಟನ್ನು ಕಳುಹಿಸಲು ಆದಿ ಅಂತ್ಯಗಳ ಗುರುತೂ ಸೇರಿ ಹತ್ತು ಬಿಟ್‌ಗಳು ಬೇಕು. ೬೪೦ಕ್ಕೆ ೪೮೦ ಬಿಂದುಗಳ ವರ್ಣಚಿತ್ರಕ್ಕೆ, ಬಿಂದುವಿಗೆ ಮೂರು ಬೈಟಿನಂತೆ, ೯,೨೧,೬೦೦ ಬೈಟುಗಳು. ಸೆಕೆಂಡಿಗೆ ೯,೬೦೦ ಬಿಟ್‌ಗಳ ವೇಗದಲ್ಲಿ ಇದಕ್ಕೆ ಸರಿಯಾಗಿ ಹದಿನಾರು ನಿಮಿಷ. ೧,೧೫,೨೦೦ರ ವೇಗದಲ್ಲಾದರೂ ಎಂಬತ್ತು ಸೆಕೆಂಡು. ಚಿತ್ರವನ್ನು ಹಾಗೆಯೇ ಕಳುಹಿಸುವುದು ಸಾಧ್ಯವಿರಲಿಲ್ಲ. ಸ್ಮೃತಿಯ ಬೆಲೆ, ತಂತಿಯ ನಿಧಾನ ಎರಡೂ ಸೇರಿ ಚಿತ್ರವನ್ನು ಸಂಕ್ಷೇಪಿಸುವುದನ್ನು ಅನಿವಾರ್ಯ ಮಾಡಿದವು.

ಈ ಸಂಕ್ಷೇಪದ ಕಥೆಯಲ್ಲಿ ನಮ್ಮ ನಾಡಿನ ಪಾಲಿದೆ. ೧೯೪೦ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ನಾಸಿರ್ ಅಹ್ಮದ್ ಅವರು, ಅಂದು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು ಈಗ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಿಂದ ೧೯೬೧ರಲ್ಲಿ ಪದವಿ ಪಡೆದು, ಅಮೆರಿಕಕ್ಕೆ ತೆರಳಿ ೧೯೬೬ರಲ್ಲಿ ನ್ಯೂ ಮೆಕ್ಸಿಕೋ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಗಳಿಸಿದರು. ಕ್ಯಾನ್ಸಾಸ್ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದಾಗ ೧೯೭೨ರಲ್ಲಿ ಕೊಸೈನ್ ಅಲೆಗಳ ಮೊತ್ತವಾಗಿ ಸಂಕೇತಗಳನ್ನು ಬಿಡಿಸಿ ಬರೆಯುವ ವಿಧಾನವನ್ನು ಅಭ್ಯಸಿಸಲು ನ್ಯಾಷನಲ್ ಸೈನ್ಸ್ ಫೌಂಡೇಷನ್ನಿನ ಸಹಾಯಧನವನ್ನು ಕೇಳಿದರು. ವಿಚಾರವು ತೀರ ಸರಳವಾಯಿತೆಂಬ ಅಭಿಪ್ರಾಯದಿಂದಾಗಿ ಹಣ ದೊರೆಯಲಿಲ್ಲ. ೧೯೭೩ರ ಬೇಸಿಗೆಯಲ್ಲಿ ಅವರು ಸಂಬಳವಿಲ್ಲದೆಯೇ ಆ ಕೆಲಸದಲ್ಲಿ ತೊಡಗಿದರು. ತಮ್ಮ ಶಿಷ್ಯ ಟಿ. ನಟರಾಜನ್, ಮಿತ್ರ ಕೆ. ಆರ್. ರಾವ್ ಇವರೊಡನೆ ೧೯೭೪ರ ಜನವರಿಯಲ್ಲಿ ಪ್ರಕಟಿಸಿದ ಲೇಖನವು ನಾಲ್ಕು ಪುಟಗಳನ್ನು ಮೀರುವುದಿಲ್ಲ. ಚಿತ್ರವನ್ನು ಎಂಟಕ್ಕೆ ಎಂಟು ಬಿಂದುಗಳ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನು ಈ ವಿಧಾನದಿಂದ ಬಿಡಿಸಿದರೆ, ಮಂದವಾದ ಏರಿಳಿತಗಳು ಕೆಲವೇ ಅಂಕಿಗಳಲ್ಲಿ ಒಟ್ಟಾಗುತ್ತವೆ; ಕಣ್ಣಿಗೆ ಅಷ್ಟಾಗಿ ತೋರದ ಸೂಕ್ಷ್ಮ ಏರಿಳಿತಗಳನ್ನು ಸ್ಥೂಲವಾಗಿ ಬರೆದಿಟ್ಟರೂ ಹಾನಿಯಿಲ್ಲ. ೧೯೯೨ರಲ್ಲಿ ಸ್ಥಿರಗೊಂಡ ಜೆಪೆಗ್ ನಿಯಮಗಳಿಗೆ ಇದೇ ಆಧಾರ. ನಮ್ಮ ಕಾಲೇಜುಗಳಲ್ಲಿ ಓದುವ ಯಾವ ವಿದ್ಯಾರ್ಥಿಯ ಫೋನಿನಲ್ಲಿಯೂ ಈ ಬೆಂಗಳೂರಿಗರ ಗಣಿತವಿಲ್ಲದ ಚಿತ್ರಸಂಗ್ರಹ ಸಿಗುವುದು ದುರ್ಲಭ. ಸಹಾಯಧನದ ಅರ್ಜಿಗಳನ್ನು ಪರಿಶೀಲಿಸುವ ಸಮಿತಿಗಳಲ್ಲಿ ಕುಳಿತುಕೊಳ್ಳುವ ನಮ್ಮಂಥವರು ಈ ಪ್ರಸಂಗವನ್ನು ಮರೆಯದಿರುವುದು ಲೇಸು.

ತಂತಿಯ ಬೇಸರವನ್ನು ತಪ್ಪಿಸಲು ಎರಡು ಮಾರ್ಗಗಳು ತೋರಿದವು. ಸ್ಮೃತಿಯನ್ನೇ ಕ್ಯಾಮರಾದಿಂದ ಬಿಚ್ಚಿ ಗಣಕಕ್ಕೆ ತೊಡಿಸುವುದು ಒಂದು. ತೋಷಿಬಾ ಸಂಸ್ಥೆಯ ಫುಜಿಯೋ ಮಸುಓಕಾ ಅವರು ೧೯೮೦ರ ದಶಕದಲ್ಲಿ ರೂಪಿಸಿದ, ವಿದ್ಯುತ್ತಿಲ್ಲದೆಯೂ ಅಂಕಿಗಳನ್ನು ಉಳಿಸಿಕೊಳ್ಳುವ ಫ್ಲ್ಯಾಶ್ ಸ್ಮೃತಿಯಿಂದ ಇದು ಸಾಧ್ಯವಾಯಿತು. ೧೯೯೪ರಲ್ಲಿ ಕಾಂಪ್ಯಾಕ್ಟ್‌ಫ್ಲ್ಯಾಶ್, ೧೯೯೫ರಲ್ಲಿ ಸ್ಮಾರ್ಟ್‌ಮೀಡಿಯಾ, ೧೯೯೮ರಲ್ಲಿ ಮೆಮೊರಿ ಸ್ಟಿಕ್, ೧೯೯೯ರಲ್ಲಿ ಘೋಷಿತವಾದ ಎಸ್.ಡಿ. ಕಾರ್ಡು ಹೀಗೆ ಒಂದೊಂದು ಪಂಗಡದವರು ಒಂದೊಂದು ಅಳತೆಯ ಕಾರ್ಡನ್ನು ತಂದರು. ಒಬ್ಬರದು ಇನ್ನೊಬ್ಬರ ಬಾಯಿಗೆ ಹಿಡಿಸುತ್ತಿರಲಿಲ್ಲ. ಮೇಲೆ ಹೇಳಿದ ೧೯೯೭ರ ಮ್ಯಾವಿಕಾ ಈ ಜಗಳದಿಂದ ದೂರ ನಿಂತು, ಎಲ್ಲ ಗಣಕಗಳಲ್ಲಿಯೂ ಇದ್ದ ಮೂರೂವರೆ ಅಂಗುಲದ ಫ್ಲಾಪಿಯನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಬಂದಿತು. ೧.೪೪ ಮೆಗಾಬೈಟಿನ ಆ ತಟ್ಟೆಯಲ್ಲಿ ಹಿಡಿಸುವುದು ಕಡಮೆ. ಆದರೆ ಯಾವ ತಂತಿಯೂ ಯಾವ ವಿಶೇಷ ತಂತ್ರಾಂಶವೂ ಬೇಡವಾಯಿತು.

ಎರಡನೆಯ ಮಾರ್ಗ ತಂತಿಯನ್ನೇ ಸುಧಾರಿಸುವುದು. ೧೯೯೬ರ ಜನವರಿಯಲ್ಲಿ ಪ್ರಕಟವಾದ ಯು.ಎಸ್.ಬಿ. ನಿಯಮಗಳ ಪ್ರಮುಖ ಶಿಲ್ಪಿಗಳಲ್ಲಿ ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ ಓದಿದ ಅಜಯ್ ಭಟ್ ಒಬ್ಬರು. ಸೆಕೆಂಡಿಗೆ ೧೨೦ ಲಕ್ಷ ಬಿಟ್ ಎಂದರೆ ಹಳೆಯ ತಂತಿಯ ಸುಮಾರು ನೂರರಷ್ಟು. ೨೦೦೦ದ ಏಪ್ರಿಲ್‌ನಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಅದರ ನಲವತ್ತರಷ್ಟು. ವೇಗಕ್ಕಿಂತಲೂ ಹೆಚ್ಚಿನ ಅನುಕೂಲವಾದುದು, ಗಣಕವು ಕ್ಯಾಮರಾವನ್ನು ತಾನೇ ಗುರುತಿಸುವಂತೆ ಆದದ್ದು. ಕೆಲವು ಕ್ಯಾಮರಾಗಳು ಗಣಕಕ್ಕೆ ಒಂದು ತಟ್ಟೆಯಂತೆ ಕಾಣಿಸಿಕೊಂಡವು. ಇನ್ನು ಕೆಲವು ೨೦೦೦ದಲ್ಲಿ ರೂಪುಗೊಂಡ ಪಿ.ಟಿ.ಪಿ. ಎಂಬ ಸಂಭಾಷಣಾ ನಿಯಮದಂತೆ ಕೇಳಿದ ಚಿತ್ರವನ್ನು ಒಂದೊಂದಾಗಿ ಒಪ್ಪಿಸಿದವು. ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಎರಡನ್ನೂ ಅರಿತಿತ್ತು. ಅಲ್ಲಿಂದ ಮುಂದೆ ವರ್ಗಾವಣೆಯು ಪರಿಣತರ ಕೆಲಸವಾಗಿ ಉಳಿಯಲಿಲ್ಲ.

ಪರಿಣತರು ಹಿಂದೆ ಸರಿದ ಈ ಘಟ್ಟದಲ್ಲಿಯೇ ಇತಿಹಾಸಕಾರರ ಚಿಂತೆ ಆರಂಭವಾಗಬೇಕು. ಓಲೆಗರಿಯ ಹಸ್ತಪ್ರತಿಗಳನ್ನು ಪರಿಷ್ಕರಿಸುವಾಗ ನಾವು ಯಾವ ಪ್ರತಿಯಿಂದ ಯಾವ ಪ್ರತಿ ಹುಟ್ಟಿತೆಂಬ ವಂಶವೃಕ್ಷವನ್ನು ಬರೆಯುತ್ತೇವೆ. ಲಿಪಿಕಾರನು ಕೊನೆಯಲ್ಲಿ ಬರೆದ ಸಂವತ್ಸರ, ತಿಥಿ, ಊರು, ಹೆಸರುಗಳ ಒಕ್ಕಣೆಗೆ ವಿಶೇಷ ಬೆಲೆ ಕೊಡುತ್ತೇವೆ. ಅಂಕೀಯ ಛಾಯಾಚಿತ್ರಕ್ಕೂ ಇಂಥ ಒಕ್ಕಣೆಯುಂಟು. ಜಪಾನಿನ ವಿದ್ಯುದುದ್ಯಮಿಗಳ ಸಂಘವು ೧೯೯೫ರಲ್ಲಿ ಗೊತ್ತುಪಡಿಸಿದ ಎಕ್ಸಿಫ್ ಎಂಬ ಪದ್ಧತಿಯಂತೆ ಚಿತ್ರದ ಫೈಲಿನ ತಲೆಯಲ್ಲಿಯೇ ಕ್ಯಾಮರಾದ ಹೆಸರು, ತೆಗೆದ ದಿನ, ಗಂಟೆ, ಮಸೂರದ ತೆರಪು ಮೊದಲಾದವು ಬರೆಯಲ್ಪಡುತ್ತವೆ. ಲಿಪಿಕಾರನ ಒಕ್ಕಣೆಯಲ್ಲಿರುವ ದೋಷಗಳೆಲ್ಲ ಇದರಲ್ಲಿಯೂ ಇವೆ. ಕ್ಯಾಮರಾದ ಗಡಿಯಾರವನ್ನು ಸರಿಪಡಿಸದಿದ್ದರೆ ದಿನ ತಪ್ಪು. ಯಾವ ದೇಶದ ಗಂಟೆ ಎಂಬುದನ್ನು ಬರೆಯಲು ೨೦೧೬ರ ಪರಿಷ್ಕರಣದವರೆಗೆ ಸ್ಥಳವೇ ಇರಲಿಲ್ಲ. ಜಪಾನಿನ ವೇಳೆಗೆ ಇಟ್ಟ ಗಡಿಯಾರವುಳ್ಳ ಕ್ಯಾಮರಾದಿಂದ ಹಂಪೆಯಲ್ಲಿ ಸೂರ್ಯಾಸ್ತವನ್ನು ತೆಗೆದರೆ ರಾತ್ರಿ ಹತ್ತರ ಹತ್ತಿರದ ಗಂಟೆ ದಾಖಲಾಗುತ್ತದೆ.

ಫೈಲಿನ ಹೆಸರಿನ ಕಥೆ ಇನ್ನೂ ವಿಚಿತ್ರ. ಅದೇ ಸಂಘದವರು ೧೯೯೮ರಲ್ಲಿ ಮಾಡಿದ ಡಿ.ಸಿ.ಎಫ್. ನಿಯಮದಿಂದಾಗಿ ಇಂದಿಗೂ ಕ್ಯಾಮರಾಗಳ ಕಾರ್ಡುಗಳಲ್ಲಿ ಡಿ.ಸಿ.ಐ.ಎಂ. ಎಂಬ ಫೋಲ್ಡರು ಕಾಣುತ್ತದೆ. ಹೆಸರಿಗೆ ಎಂಟೇ ಅಕ್ಷರಗಳಿದ್ದ ಹಳೆಯ ಕಡತಪದ್ಧತಿಗೆ ಅನುಸಾರವಾಗಿ, ಪ್ರತಿ ಚಿತ್ರಕ್ಕೆ ನಾಲ್ಕು ಅಕ್ಷರ, ನಾಲ್ಕು ಅಂಕಿ ಎಂದು ಗೊತ್ತುಮಾಡಲಾಯಿತು. ೯೯೯೯ ಮುಗಿದರೆ ಮತ್ತೆ ೦೦೦೧. ಹತ್ತು ಸಾವಿರ ಚಿತ್ರಗಳು ಅಂದು ಮುಗಿಯದ ನಿಧಿಯಾಗಿ ತೋರಿರಬೇಕು. ಪರಿಣಾಮವೇನೆಂದರೆ ಒಂದೇ ಕ್ಯಾಮರಾ ತನ್ನ ಆಯುಷ್ಯದಲ್ಲಿ ಒಂದೇ ಹೆಸರಿನ ಬೇರೆ ಬೇರೆ ಚಿತ್ರಗಳನ್ನು ಹೆರುತ್ತದೆ. ಬೇಲೂರಿನ ಶಾಸನವೊಂದರ ಚಿತ್ರವನ್ನಿಟ್ಟ ಫೋಲ್ಡರಿಗೆ ಮೂರು ವರ್ಷಗಳ ಬಳಿಕ ಅದೇ ಹೆಸರಿನ ಮದುವೆಯ ಚಿತ್ರ ಬಂದು, ಗಣಕವು ಕೇಳಿದ ಪ್ರಶ್ನೆಗೆ ಅವಸರದಲ್ಲಿ ಒಪ್ಪಿಗೆಯಿತ್ತರೆ, ಶಾಸನವು ಅಳಿದು ಮದುವೆ ಉಳಿಯುತ್ತದೆ.

ಹಸ್ತಪ್ರತಿಗೂ ಇದಕ್ಕೂ ಒಂದು ಭೇದವನ್ನು ಒಪ್ಪಲೇಬೇಕು. ಲಿಪಿಕಾರನು ಪ್ರತಿ ಮಾಡುವಾಗ ತಪ್ಪುತ್ತಾನೆ. ಗಣಕವು ಸಾಮಾನ್ಯವಾಗಿ ತಪ್ಪುವುದಿಲ್ಲ. ನೂರನೆಯ ಪ್ರತಿಯೂ ಮೊದಲಿನದರ ತದ್ರೂಪ. ಹಾಗಿದ್ದರೂ ಹೊರಗಿನ ಕಾಲಸೂಚನೆ ಬದಲಾಗುತ್ತದೆ: ವಿಂಡೋಸಿನಲ್ಲಿ ಪ್ರತಿ ಮಾಡಿದ ಫೈಲಿಗೆ ಹುಟ್ಟಿದ ದಿನವೆಂದು ಪ್ರತಿ ಮಾಡಿದ ದಿನ ಬೀಳುತ್ತದೆ, ತಿದ್ದಿದ ದಿನ ಮಾತ್ರ ಹಳೆಯದೇ ಉಳಿಯುತ್ತದೆ, ಹುಟ್ಟುವುದಕ್ಕೆ ಮೊದಲೇ ತಿದ್ದಲ್ಪಟ್ಟ ಈ ಫೈಲುಗಳನ್ನು ಕಂಡು ಗಾಬರಿಯಾಗುವ ಸಂಶೋಧಕರಿದ್ದಾರೆ. ತದ್ರೂಪವಾಗಿ ಪ್ರತಿ ಮಾಡದೆ, ಚಿತ್ರವನ್ನು ತೆರೆದು ತಿರುಗಿಸಿ ಮತ್ತೆ ಜೆಪೆಗ್ ಆಗಿ ಉಳಿಸಿದಾಗ ಸಾಮಾನ್ಯವಾಗಿ ಸಂಕ್ಷೇಪ ಮತ್ತೊಮ್ಮೆ ನಡೆದು ವಿವರ ಕಳೆಯುತ್ತದೆ. ವರ್ಗಾವಣೆಯೇ ಪರಿವರ್ತನೆಯಾಗುವುದೂ ಉಂಟು: ೨೦೧೭ರಿಂದ ಐಫೋನುಗಳು ಹೈಕ್ ಎಂಬ ಬೇರೊಂದು ರೂಪದಲ್ಲಿ 
ಚಿತ್ರಗಳನ್ನು ಬರೆದಿಟ್ಟುಕೊಂಡು, ತಂತಿಯ ಮೂಲಕ ಗಣಕಕ್ಕೆ ಕೊಡುವಾಗ, ಬೇಡವೆಂದು ಮೊದಲೇ ಹೇಳದಿದ್ದರೆ, ಅವನ್ನು ಜೆಪೆಗ್ಗಿಗೆ ಬದಲಿಸಿ ಕೊಡಬಲ್ಲವು. ಆಗ ಗಣಕದಲ್ಲಿರುವುದು ಪ್ರತಿಯಲ್ಲ, ಅನುವಾದ.

ತಂತಿಯೂ ಕಾರ್ಡೂ ಇಲ್ಲದ ವರ್ಗಾವಣೆಗೆ ಆದಿ ಎಂದು ೧೯೯೭ರ ಜೂನ್ ೧೧ನ್ನು ಹೇಳುವ ರೂಢಿಯಿದೆ. ಅಂದು ಕ್ಯಾಲಿಫೋರ್ನಿಯದ ಆಸ್ಪತ್ರೆಯೊಂದರಲ್ಲಿ ಫಿಲಿಪ್ ಕಾನ್ ಎಂಬ ಉದ್ಯಮಿ ಕ್ಯಾಸಿಯೋ ಕ್ಯಾಮರಾ, ಮಡಿಸುವ ಗಣಕ, ಮೋಟೊರೋಲಾ ಫೋನು ಮೂರನ್ನೂ ಬೆಸೆದು, ಆಗ ತಾನೆ ಹುಟ್ಟಿದ ಮಗಳ ಚಿತ್ರವನ್ನು ಸುಮಾರು ಎರಡು ಸಾವಿರ ಪರಿಚಿತರಿಗೆ ಕಳುಹಿಸಿದರು. ಕಿರ್ಷ್ ಅವರ ಪ್ರಸಿದ್ಧ ಚಿತ್ರವೂ ಶಿಶುವಿನದೇ ಎಂಬುದು ಕಾಕತಾಳೀಯ. ೨೦೦೭ರಲ್ಲಿ ಮಾರಾಟಕ್ಕೆ ಬಂದ ಐ‌ಫೈ ಎಂಬ ಕಾರ್ಡು ತಾನೇ ನಿಸ್ತಂತುವಾಗಿ ಚಿತ್ರಗಳನ್ನು ಗಣಕಕ್ಕೆ ಕಳುಹಿಸುತ್ತಿತ್ತು. ೨೦೧೬ರಲ್ಲಿ ಅದರ ಹಳೆಯ ಮಾದರಿಗಳಿಗೆ ಸೇವೆ ನಿಂತಿತು. ಅಷ್ಟರಲ್ಲಿ ಕ್ಯಾಮರಾ, ಗಣಕ ಎರಡೂ ಫೋನಿನಲ್ಲಿ ಒಂದಾಗಿದ್ದವು. ಈಗ ನಮ್ಮ ವಿದ್ಯಾರ್ಥಿಗಳು ಕ್ಷೇತ್ರಕಾರ್ಯದ ಚಿತ್ರಗಳನ್ನು ವಾಟ್ಸ್ಯಾಪ್ ಮೂಲಕ ಅಧ್ಯಾಪಕರಿಗೆ ಕಳುಹಿಸುವುದು ಸಾಮಾನ್ಯ. ಚಿತ್ರವಾಗಿ ಕಳುಹಿಸಿದಾಗ ಅದು ಕುಗ್ಗುತ್ತದೆ, ಎಕ್ಸಿಫ್ ಒಕ್ಕಣೆ ಅಳಿಯುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಫೈಲಿಗೆ ಬೀಳುವ ಹೊಸ ಹೆಸರಿನಲ್ಲಿರುವ ದಿನಾಂಕವು ಚಿತ್ರ ತೆಗೆದ ದಿನದ್ದಲ್ಲ. ಅದನ್ನು ನಂಬಿ ವೀರಗಲ್ಲೊಂದು ಇಂತಹ ದಿನ ಇಂತಹ ಸ್ಥಿತಿಯಲ್ಲಿತ್ತೆಂದು ಬರೆದ ಟಿಪ್ಪಣಿ ಮುಂದೆ ಆಧಾರವಾಗಿ ಉದ್ಧೃತವಾಗುವ ಸಂಭವವಿದೆ. ದಾಖಲೆಯ ರೀತಿಯಲ್ಲಿ ಕಳುಹಿಸಿದರೆ ಈ ನಷ್ಟವಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಕಾಲಕ್ರಮವನ್ನು ಮೀರಿ ಒಂದು ಸಂಗತಿಯನ್ನು ಕಡೆಗೆ ಉಳಿಸಿಕೊಂಡಿದ್ದೇವೆ. ೧೯೬೬–೬೭ರಲ್ಲಿ ಚಂದ್ರನ ಸುತ್ತ ತಿರುಗಿದ ಐದು ಲೂನಾರ್ ಆರ್ಬಿಟರ್ ನೌಕೆಗಳು ಚಿತ್ರಗಳನ್ನು ಫಿಲ್ಮಿನ ಮೇಲೆಯೇ ತೆಗೆದು, ನೌಕೆಯೊಳಗೇ ಸಂಸ್ಕರಿಸಿ, ಬೆಳಕಿನ ಚುಕ್ಕಿಯಿಂದ ಓದಿ ಭೂಮಿಗೆ ಕಳುಹಿಸಿದವು. ಭೂಮಿಯಲ್ಲಿ ಅವು ದೊಡ್ಡ ಕಾಂತಪಟ್ಟಿಗಳ ಮೇಲೆ ದಾಖಲಾದವು. ಆ ಕಾಲದಲ್ಲಿ ಪ್ರಕಟವಾದ ಚಿತ್ರಗಳಲ್ಲಿ ಪಟ್ಟಿಗಳಲ್ಲಿದ್ದ ವಿವರಗಳೆಲ್ಲ ಬರಲಿಲ್ಲ. ಪಟ್ಟಿಗಳು ಸುಮಾರು ೧,೫೦೦. ಅವನ್ನು ಓದಬಲ್ಲ ಆ್ಯಂಪೆಕ್ಸ್ ಎಫ್.ಆರ್. ೯೦೦ ಯಂತ್ರಗಳು ವಿರಳ. ಪಟ್ಟಿಗಳನ್ನು ಎಸೆಯದಂತೆ ತಡೆದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ನ್ಯಾನ್ಸಿ ಇವಾನ್ಸ್, ಕೆಟ್ಟುನಿಂತ ಯಂತ್ರಗಳನ್ನೂ ವರ್ಷಾನುವರ್ಷ ತಮ್ಮ ಮನೆಯ ಆವರಣದಲ್ಲಿಯೇ ಕಾಪಾಡಿದರು. ಡೆನ್ನಿಸ್ ವಿಂಗೋ ಮತ್ತು ಕೀತ್ ಕೌಯಿಂಗ್ ಅವರ ಮುಂದಾಳುತನದಲ್ಲಿ ಒಂದು ಚಿಕ್ಕ ತಂಡ ಅವನ್ನು ನಾಸಾದ ಏಮ್ಸ್ ಕೇಂದ್ರಕ್ಕೆ ತಂದು, ಅಲ್ಲಿ ಮುಚ್ಚಿಹೋಗಿದ್ದ ಮ್ಯಾಕ್‌ಡೊನಾಲ್ಡ್ಸ್ ಉಪಾಹಾರಗೃಹವೊಂದರಲ್ಲಿ ಇಟ್ಟುಕೊಂಡು ದುರಸ್ತಿಮಾಡಿತು. ಚಂದ್ರನ ಅಂಚಿನ ಮೇಲೆ ಭೂಮಿಯು ತೋರುವ, ೧೯೬೬ರ ಆಗಸ್ಟ್ ೨೩ರಂದು ತೆಗೆದ ಚಿತ್ರವು ಹೀಗೆ ಗಣಕಕ್ಕೆ ಇಳಿದು ೨೦೦೮ರ ನವೆಂಬರಿನಲ್ಲಿ ಪ್ರಕಟವಾಯಿತು. ಕ್ಯಾಮರಾದಿಂದ ಗಣಕಕ್ಕೆ ಬರಲು ಅದಕ್ಕೆ ಹಿಡಿದ ಕಾಲ ನಲವತ್ತೆರಡು ವರ್ಷ.